ಅಜ್ಜಿಗೆ ರೀಲ್ಸ್ ತಲೆಸುತ್ತು, ಮೊಮ್ಮಗನಿಗೆ ಬಸ್ ವಾಂತಿ: ವಯಸ್ಸಿಗೂ ಹೊಟ್ಟೆ ತೊಳಸೋದಕ್ಕೂ ಏನು ನಂಟು?

(ಇದು ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಿನ ಅನುಕೂಲಕ್ಕೆ ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ರೈಲಲ್ಲೋ ಕೂತು ಇದನ್ನ ಕೇಳ್ತಾ ಇದ್ರೆ ಒಂದು ಕೆಲಸ ಮಾಡಿ. ಸ್ಕ್ರೀನ್ ಆಫ್ ಮಾಡಿ, ಕಿಟಕಿಯಾಚೆ ನೋಡ್ತಾ ಕೇಳಿ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೈಸೂರಿನ ಅಶೋಕಪುರಂ ರೈಲು ನಿಲ್ದಾಣ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರುತ್ತೆ. ಹಿಂದೆ ಆದಿಕರ್ನಾಟಕಪುರ ಅಂತ ಹೆಸರಿದ್ದ ಬಡಾವಣೆ. ಚಾಮರಾಜನಗರದ ಲೈನು ಇಲ್ಲಿಂದಲೇ ಹೋಗುತ್ತೆ, ಪಕ್ಕದಲ್ಲೇ ರೈಲ್ವೆ ವರ್ಕ್‌ಶಾಪ್. ಮೊದಲು ಮೈಸೂರು ಮುಖ್ಯ ನಿಲ್ದಾಣದಲ್ಲೇ ನಿಂತುಬಿಡ್ತಿದ್ದ ಬೆಂಗಳೂರಿನ ಕೆಲವು ರೈಲುಗಳು ಈಗ ಇಲ್ಲಿವರೆಗೂ ಬರ್ತವೆ. ಇಲ್ಲಿ ನಿಂತಿರೋ ಒಂದು ರೈಲಿನ ಕಿಟಕಿ ಪಕ್ಕ ನೀವು ಕೂತಿದ್ದೀರಿ ಅಂದ್ಕೊಳ್ಳಿ. ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು. ಮೆಲ್ಲಗೆ ಒಂದು ಸರಿದಾಟ. ಓ, ನಮ್ಮ ರೈಲು ಹೊರಡ್ತು! ಎರಡು ಕ್ಷಣ ಬಿಟ್ಟು ಪ್ಲಾಟ್‌ಫಾರಂ ಕಡೆ ತಿರುಗಿ ನೋಡಿದ್ರೆ ಟೀ ಅಂಗಡಿ ಇದ್ದಲ್ಲೇ ಇದೆ. ಹೊರಟಿದ್ದು ಆ ರೈಲು, ನಮ್ಮದಲ್ಲ.

ಎಲ್ಲರಿಗೂ ಆಗಿರೋ ಅನುಭವ ಇದು. ಇವತ್ತಿನ ವಿಜ್ಞಾನದಲ್ಲಿ ಇದಕ್ಕೆ ವೆಕ್ಷನ್ ಅಂತ ಹೆಸರು. ಅಂದರೆ ದೇಹ ಕೂತಲ್ಲೇ ಕೂತಿದೆ, ಬರೀ ಕಣ್ಣಿಗೆ ಕಂಡ ಓಟದಿಂದ ‘ನಾನೇ ಓಡ್ತಿದ್ದೀನಿ’ ಅನ್ನೋ ಭಾವ. 1875ರಲ್ಲಿ ಈ ಥರದ ಚಲನೆಯ ಅನುಭವಗಳ ಮೇಲೆ ಪುಸ್ತಕ ಬರೆದವರು ಅರ್ನ್ಸ್ಟ್ ಮಾಖ್. ಜೆಟ್ ವಿಮಾನದ ವೇಗಕ್ಕೆ ಮ್ಯಾಕ್ 1, ಮ್ಯಾಕ್ 2 ಅಂತೀವಲ್ಲ, ಅದೇ ಮಾಖ್. ಅವರ ತಲೆಯಲ್ಲಿ ಈ ಹುಳ ಬಿಟ್ಟಿದ್ದೂ ರೈಲೇ. ತಿರುವಿನಲ್ಲಿ ರೈಲು ಹೋಗುವಾಗ ಹೊರಗಿನ ಮನೆ, ಮರ ಎಲ್ಲ ವಾಲಿದ ಹಾಗೆ ಕಾಣ್ತವೆ, ಯಾಕೆ ಅನ್ನೋದು ಅವರ ಪ್ರಶ್ನೆಯಾಗಿತ್ತು. ಮೈಸೂರಿಗೆ ಬೆಂಗಳೂರಿನಿಂದ ರೈಲು ಬಂದದ್ದು 1882ರಲ್ಲಿ, ಆ ಪುಸ್ತಕ ಬಂದು ಏಳು ವರ್ಷಕ್ಕೆ.

ನಿಂತಿರೋ ದೇಹಕ್ಕೆ ಕಣ್ಣು ಹೇಳೋ ಈ ಸುಳ್ಳೇ ಇವತ್ತಿನ ಕಂತಿನ ವಿಷಯ. ಸಿನಿಮಾ, ವಿಡಿಯೋ ಗೇಮ್, ವಿ.ಆರ್ ಕನ್ನಡಕ, ನಿಮ್ಮ ಕೈಯಲ್ಲಿರೋ ರೀಲ್ಸ್, ಎಲ್ಲವೂ ಬದುಕ್ತಿರೋದು ಇದೇ ಸುಳ್ಳಿನ ಮೇಲೆ. ಆದರೆ ಆ ಸುಳ್ಳು ಎಲ್ಲರ ಹೊಟ್ಟೆಗೂ ಒಂದೇ ಥರ ಒಗ್ಗಲ್ಲ.

ಮನೆಯಲ್ಲಿ ಈ ಮಾತು ಕೇಳಿರ್ತೀರ. “ಅಜ್ಜಿ, ಇಲ್ನೋಡಜ್ಜಿ, ಬೈಕಲ್ಲಿ ಹೆಂಗ್ ಹೋಯ್ತಾವ್ನೆ!” “ತಗಿ ಮಗ ಅದ್ನ, ತಲೆ ಗಿರ್ ಅಂತದೆ.” ಮೊಮ್ಮಗ ನಗ್ತಾನೆ. ಅದೇ ಮೊಮ್ಮಗ ಮಾದಪ್ಪನ ಬೆಟ್ಟಕ್ಕೆ ಹೋಗೋ ಬಸ್ಸಲ್ಲಿ ತಾಳಬೆಟ್ಟ ದಾಟಿ ಮೂರನೇ ತಿರುವು ಬರೋಷ್ಟರಲ್ಲಿ ಪ್ಲಾಸ್ಟಿಕ್ ಕವರ್ ಹುಡುಕ್ತಾನೆ. ಆಗ ಅಜ್ಜಿ ಎಲೆಅಡಿಕೆ ಹಾಕ್ಕೊಂಡು ಆರಾಮಾಗಿ ಕೂತಿರ್ತಾರೆ. “ನಿಂಬೆಹಣ್ಣು ಮೂಸು ಮಗ” ಅಂತ ಕೈಗೆ ಕೊಡೋದೂ ಅವರೇ.

ಎರಡೂ ಮೋಷನ್ ಸಿಕ್‌ನೆಸ್ಸೇ. ಹಾಗಾದ್ರೆ ಒಬ್ಬರಿಗೆ ಬಸ್ಸು, ಇನ್ನೊಬ್ಬರಿಗೆ ಸ್ಕ್ರೀನು, ಹೀಗೆ ಉಲ್ಟಾ ಹೊಡೆಯೋದು ಯಾಕೆ?

ಕಥೆ ಕಿವಿಯಿಂದ ಶುರು ಮಾಡಬೇಕು. ಬಹಳ ಕಾಲ ಜನ ಇದನ್ನ ಹೊಟ್ಟೆಯ ಕಾಯಿಲೆ ಅಂದ್ಕೊಂಡಿದ್ದರು. ಇಂಗ್ಲಿಷಿನ ‘ನಾಸಿಯಾ’ ಪದದ ಬೇರು ಗ್ರೀಕ್ ಭಾಷೆಯ ಹಡಗು. ಅಂದ್ರೆ ವಾಕರಿಕೆ ಅಂದ್ರೇನೇ ಹಡಗಿನ ಕಾಟ ಅನ್ನೋ ಲೆಕ್ಕ. 19ನೇ ಶತಮಾನದಲ್ಲಿ ಫ್ರಾನ್ಸಿನ ಪಿಯರ್ ಫ್ಲೂರಾನ್ಸ್ ಪಾರಿವಾಳಗಳ ಒಳಗಿವಿಯಲ್ಲಿರೋ ಬಳೆಯಾಕಾರದ ನಾಳಗಳನ್ನ ಕತ್ತರಿಸಿ ನೋಡಿದರು. ಪಾರಿವಾಳಕ್ಕೆ ಕಿವಿ ಕೇಳ್ತಿತ್ತು, ಆದರೆ ನೆಟ್ಟಗೆ ನಿಲ್ಲೋಕೆ ಆಗದೆ ಗಿರಗಿರ ಸುತ್ತೋಕೆ ಶುರು ಮಾಡ್ತು. 1861ರಲ್ಲಿ ಪ್ರಾಸ್ಪರ್ ಮೆನಿಯೇರ್ ಅನ್ನೋ ವೈದ್ಯರು, ಕೆಲವರ ಭಯಂಕರ ತಲೆಸುತ್ತಿಗೆ ಕಾರಣ ಮೆದುಳಲ್ಲ, ಒಳಗಿವಿ ಅಂತ ವಾದ ಮಂಡಿಸಿದರು. ಅವತ್ತಿಗೆ ಅದು ದೊಡ್ಡ ಮಾತು.

ಇವತ್ತು ನಮಗೆ ಗೊತ್ತಿರೋ ಪ್ರಕಾರ ಪ್ರತಿ ಕಿವಿಯೊಳಗೆ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಒಳಗಿನ ದ್ರವ ಕದಲುತ್ತೆ, ಅದು ಸುದ್ದಿ. ಅವುಗಳ ಬುಡದಲ್ಲಿ ಎರಡು ಸಣ್ಣ ಚೀಲಗಳು, ಅದರಲ್ಲಿ ಸುಣ್ಣದ ಹರಳುಗಳು. ಬಸ್ಸು ಬ್ರೇಕ್ ಹಾಕಿದ್ರೆ, ಲಿಫ್ಟ್ ಮೇಲೆ ಹೋದ್ರೆ, ಆ ಹರಳು ಜರುಗಿ ಸುದ್ದಿ ಕೊಡ್ತವೆ. ಕಣ್ಣು ಮುಚ್ಚಿಕೊಂಡಿದ್ರೂ ಆಟೋ ಎಡಕ್ಕೆ ತಿರುಗ್ತು ಅಂತ ಗೊತ್ತಾಗೋದು ಇದರಿಂದ.

ಇದಕ್ಕೆ ಒಂದು ಚೆಂದದ ಪುರಾವೆ 1882ರಲ್ಲಿ ಸಿಕ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಹಾರ್ವರ್ಡ್‌ನಲ್ಲಿ ಸುಮಾರು 200 ಜನರನ್ನ ವಿಚಾರಿಸಿ ನೋಡಿದರು. ಗಿರಗಿರ ತಿರುಗಿಸಿದ್ರೆ ತಲೆ ಸುತ್ತದವರು ಅವರಲ್ಲಿ ಒಬ್ಬರೇ ಒಬ್ಬರು. ಆಮೇಲೆ 519 ಕಿವುಡರ ಬಗ್ಗೆ ಮಾಹಿತಿ ಕಲೆ ಹಾಕಿದರು. ಅವರಲ್ಲಿ 186 ಜನಕ್ಕೆ ತಲೆಸುತ್ತು ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ. ಹಡಗಿನಲ್ಲೂ ಇವರಿಗೆ ವಾಂತಿ ಇರಲಿಕ್ಕಿಲ್ಲ ಅನ್ನೋ ದಾರಿಯನ್ನ ಜೇಮ್ಸ್ ಆಗಲೇ ತೋರಿಸಿದ್ದರು.

ಅದನ್ನ ಸಾಬೀತು ಮಾಡಿದ ಘಟನೆ ಸಿನಿಮಾ ದೃಶ್ಯದ ಥರ ಇದೆ. 1950ರ ದಶಕದ ಕೊನೆಗೆ ಅಮೆರಿಕದ ನೌಕಾಪಡೆಗೂ ನಾಸಾಗೂ ಬಾಹ್ಯಾಕಾಶದಲ್ಲಿ ಮನುಷ್ಯನಿಗೆ ವಾಂತಿ ಆದ್ರೆ ಏನ್ ಗತಿ ಅನ್ನೋ ಚಿಂತೆ. ಗ್ಯಾಲೊಡೆಟ್ ಕಾಲೇಜಿನಿಂದ 11 ಜನ ಕಿವುಡ ಗಂಡಸರನ್ನ ಕರೆಸಿದರು. ಅವರಲ್ಲಿ ಹತ್ತು ಜನಕ್ಕೆ ಚಿಕ್ಕಂದಿನಲ್ಲಿ ಬಂದ ಮೆದುಳು ಜ್ವರದಿಂದ ಒಳಗಿವಿಯೇ ಕೆಲಸ ನಿಲ್ಲಿಸಿತ್ತು. ಕೆನಡಾದ ನೋವಾ ಸ್ಕೋಷಿಯಾ ಹತ್ತಿರ ಅಬ್ಬರದ ಸಮುದ್ರದಲ್ಲಿ ಇವರನ್ನ ಹಡಗಲ್ಲಿ ಕರ್ಕೊಂಡು ಹೋದರು. ಇವರು ಇಸ್ಪೀಟ್ ಆಡ್ತಾ, ಕೈಸನ್ನೆಯಲ್ಲಿ ಹರಟೆ ಹೊಡೀತಾ ಕೂತಿದ್ದರು. ಪರೀಕ್ಷೆ ಮಾಡೋಕೆ ಬಂದ ವಿಜ್ಞಾನಿಗಳು ವಾಂತಿ ಮಾಡ್ಕೊಂಡು ಮಲಗಿದರು!

ಈ ವಿಷಯಕ್ಕೆ ನಮ್ಮ ಮೈಸೂರಲ್ಲೇ ಒಂದು ದೊಡ್ಡ ವಿಳಾಸ ಇದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ ಆಯಿಷ್. 1965ರಲ್ಲಿ ಶುರುವಾದದ್ದು. ಊರವರಿಗೆ ಅದು ಕಿವಿ ಕೇಳದವರ, ಮಾತು ಬಾರದ ಮಕ್ಕಳ ಆಸ್ಪತ್ರೆ. ಆದರೆ ಶ್ರವಣ ವಿಜ್ಞಾನದಲ್ಲಿ ಕಿವಿ ಅಂದ್ರೆ ಸಮತೋಲನವೂ ಹೌದು, ಅದರ ಪರೀಕ್ಷೆಗಳೂ ಅಲ್ಲಿ ನಡೀತವೆ. ಒಳಗಿವಿ ಪರೀಕ್ಷೆಯ ಒಂದು ಹಳೇ ವಿಧಾನ ಕೇಳಿದ್ರೆ ಮಜಾ ಅನ್ಸುತ್ತೆ: ಕಿವಿಗೆ ತಣ್ಣೀರು ಇಲ್ಲಾ ಬಿಸಿನೀರು ಬಿಡೋದು, ಕಣ್ಣುಗುಡ್ಡೆ ಹೇಗೆ ಓಡಾಡುತ್ತೆ ಅಂತ ನೋಡೋದು. ಇದರ ಹಿಂದಿನ ತತ್ತ್ವ ಬಿಡಿಸಿದ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಸಿಕ್ತು. ಸುದ್ದಿ ಬಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ.

ಸರಿ, ಕಿವಿ ಆಯ್ತು. ಈಗ ಸ್ಕ್ರೀನಿಗೆ ಬರೋಣ. ಸ್ಕ್ರೀನ್ ವಾಕರಿಕೆಯ ಚರಿತ್ರೆ ಸಿನಿಮಾಗಿಂತ ಹಳೆಯದು ಅಂದ್ರೆ ನಂಬ್ತೀರಾ? 1894ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ದೊಡ್ಡ ವಸ್ತುಪ್ರದರ್ಶನದಲ್ಲಿ, ನಮ್ಮ ದಸರಾ ಎಕ್ಸಿಬಿಷನ್ ಥರ ಅಂದ್ಕೊಳ್ಳಿ, ‘ಹಾಂಟೆಡ್ ಸ್ವಿಂಗ್’ ಅನ್ನೋ ಆಟ ಇತ್ತು. ಒಂದು ಕೋಣೆ, ಮಧ್ಯೆ ದೊಡ್ಡ ಉಯ್ಯಾಲೆ. ಜನ ಕೂತ್ಕೊಳ್ತಾರೆ. ಉಯ್ಯಾಲೆ ಜೋರಾಗಿ, ಇನ್ನೂ ಜೋರಾಗಿ, ಕೊನೆಗೆ ಪೂರ್ತಿ ತಲೆಕೆಳಗಾಗಿ ಒಂದು ಸುತ್ತು ಹೊಡೆದ ಹಾಗಾಗುತ್ತೆ. ಜನ ಕಂಬಿ ಹಿಡ್ಕೊಂಡು ಕೂಗ್ತಿದ್ದರು, ಕೆಲವರಿಗೆ ಹೊಟ್ಟೆ ತೊಳಸ್ತಿತ್ತು. ನಿಜ ಏನು ಅಂದ್ರೆ ಉಯ್ಯಾಲೆ ಹೆಚ್ಚುಕಮ್ಮಿ ನಿಂತೇ ಇರ್ತಿತ್ತು, ತಿರುಗ್ತಿದ್ದದ್ದು ಕೋಣೆ! ಮೇಜು, ಕುರ್ಚಿ, ದೀಪ ಎಲ್ಲ ಕೋಣೆಗೆ ಭದ್ರವಾಗಿ ಅಂಟಿಸಿದ್ದರು. ರಾಬರ್ಟ್ ವುಡ್ ಅನ್ನೋ ಭೌತವಿಜ್ಞಾನಿ 1895ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಗುಟ್ಟು ಮೊದಲೇ ಗೊತ್ತಿದ್ದವರಿಗೂ ತಲೆ ತಿರುಗ್ತಿತ್ತು. ಅಶೋಕಪುರಂ ರೈಲಿನ ಭ್ರಮೆಯನ್ನೇ ಟಿಕೆಟ್ ಇಟ್ಟು ಮಾರಿದ ಹಾಗೆ ಇದು. ವಿ.ಆರ್ ಕನ್ನಡಕದ ಮುತ್ತಾತ ಅಂತ ನಾನು ಕರೀತೀನಿ.

ಆಮೇಲೆ 1952ರಲ್ಲಿ ಸಿನೆರಾಮ ಬಂತು. ಬಾಗಿದ, ಭಾರೀ ಅಗಲದ ಪರದೆ, ಮೊದಲ ದೃಶ್ಯವೇ ರೋಲರ್ ಕೋಸ್ಟರ್. ಪ್ರೇಕ್ಷಕರು ಸೀಟು ಹಿಡ್ಕೊಂಡು ಕೂತರು, ಕೆಲವರಿಗೆ ಹೊಟ್ಟೆ ಕಲಕಿತು. ಪರದೆ ಅಗಲ ಆದಷ್ಟೂ ಕಾಟ ಜಾಸ್ತಿ, ಯಾಕಂದ್ರೆ ನಾನು ಚಲಿಸ್ತಿದ್ದೀನಾ ಇಲ್ವಾ ಅಂತ ತೀರ್ಮಾನ ಮಾಡೋಕೆ ಮೆದುಳು ಕಣ್ಣಂಚಿನಲ್ಲಿ ಸರಿಯೋ ದೃಶ್ಯವನ್ನ ತುಂಬಾ ನೆಚ್ಚಿಕೊಳ್ಳುತ್ತೆ. ಟೆಂಟ್ ಸಿನಿಮಾದಲ್ಲಿ ಪರದೆಗೆ ಮೂಗು ತಾಗೋ ಹಾಗೆ ನೆಲದ ಮೇಲೆ ಕೂತು ನೋಡಿದವರಿಗೆ ಇದು ಅನುಭವದಿಂದಲೇ ಗೊತ್ತು.

ಈಗ ಕಥೆಯ ತಿರುವಿಗೆ ಬಂದ್ವಿ. ವಯಸ್ಸು ಮತ್ತು ಅನುಭವದ ವಿಚಾರ ಮೊದಲ ಸಲ ತಲೆ ಎತ್ತಿದ್ದು 1950ರ ದಶಕದ ಕೊನೆಯಲ್ಲಿ, ಅಮೆರಿಕದ ನೌಕಾಪಡೆಯ ಹೆಲಿಕಾಪ್ಟರ್ ಸಿಮ್ಯುಲೇಟರ್‌ನಲ್ಲಿ. ನೆಲದ ಮೇಲೆ ನಿಂತಿರೋ ಯಂತ್ರ, ಸುತ್ತ ಪರದೆ ಮೇಲೆ ಓಡೋ ಚಿತ್ರ. ಹೊಸ ಹುಡುಗರು ಹಾರೋದು ಕಲೀಲಿ ಅಂತ ಮಾಡಿದ್ದು. ಮಿಲ್ಲರ್ ಮತ್ತು ಗುಡ್ಸನ್ ಅನ್ನೋ ಸಂಶೋಧಕರು 1960ರಲ್ಲಿ ಕೊಟ್ಟ ವರದಿ ಪ್ರಕಾರ, ಕಲಿಯೋಕೆ ಬಂದವರಲ್ಲಿ ಶೇ. 12ರಷ್ಟು ಜನಕ್ಕೆ ತೊಂದರೆ ಆಯ್ತು. ಕಲಿಸೋ ಅನುಭವಿ ಪೈಲಟ್‌ಗಳಲ್ಲಿ? ಶೇ. 60ರಷ್ಟು!

ಯೋಚನೆ ಮಾಡಿ. ನಿಜವಾದ ಹೆಲಿಕಾಪ್ಟರನ್ನ ನೂರಾರು ಗಂಟೆ ಹಾರಿಸಿದವರು, ಆಕಾಶದಲ್ಲಿ ಏನೂ ಆಗದವರು, ನೆಲದ ಮೇಲಿನ ಡಬ್ಬದಲ್ಲಿ ಕೂತು ವಾಂತಿ ಬರೋ ಹಾಗೆ ಆದರು. ಯಾಕೆ? ಅವರ ದೇಹಕ್ಕೆ ಹಾರೋದು ಅಂದ್ರೆ ಹೇಗಿರುತ್ತೆ ಅಂತ ಗೊತ್ತಿತ್ತು. ಚಿತ್ರ ಎಡಕ್ಕೆ ವಾಲಿದ ಕೂಡಲೇ ಕಿವಿಯಲ್ಲಿ ಇಂಥ ಒತ್ತಡ ಬರಬೇಕು, ಬೆನ್ನಿಗೆ ಇಂಥ ನೂಕು ಸಿಗಬೇಕು ಅಂತ ಮೆದುಳು ಕಾಯ್ತಾ ಇತ್ತು. ಬರಲಿಲ್ಲ. ಹೊಸ ಹುಡುಗನ ಮೆದುಳು ಯಾವುದಕ್ಕೂ ಕಾಯ್ತಿರಲಿಲ್ಲ, ಅವನಿಗೆ ಅದು ಒಂದು ಚಿತ್ರ ಅಷ್ಟೇ.

ಬ್ರಿಟನ್ನಿನ ಜೇಮ್ಸ್ ರೀಸನ್ ಮತ್ತು ಬ್ರ್ಯಾಂಡ್ 1975ರಲ್ಲಿ ಮೋಷನ್ ಸಿಕ್‌ನೆಸ್ ಬಗ್ಗೆ ಬರೆದ ಪುಸ್ತಕದ ತಿರುಳೂ ಇದೇ. ಕಣ್ಣು ಒಂದು ಹೇಳುತ್ತೆ, ಕಿವಿ ಇನ್ನೊಂದು ಹೇಳುತ್ತೆ ಅನ್ನೋದು ಅರ್ಧ ಮಾತು ಮಾತ್ರ. ಈಗ ಬರ್ತಿರೋ ಸುದ್ದಿ, ಇಷ್ಟು ವರ್ಷ ಬದುಕಿ ಮೆದುಳು ಕಟ್ಟಿಕೊಂಡ ಲೆಕ್ಕದ ಜೊತೆ ತಾಳೆ ಆಗದಿದ್ದಾಗ ಹೊಟ್ಟೆ ತೊಳಸುತ್ತೆ. ಅಂದ್ಮೇಲೆ ವಯಸ್ಸು ಇಲ್ಲಿ ಬರಲೇಬೇಕು. ಆ ಲೆಕ್ಕದ ಪುಸ್ತಕ ತುಂಬೋದೇ ವಯಸ್ಸಿನಿಂದ.

ಕೂಸುಗಳಿಂದ ಶುರು ಮಾಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಮೋಷನ್ ಸಿಕ್‌ನೆಸ್ ಬಹಳ ಅಪರೂಪ. ಮಡಿಕೇರಿ ಬಸ್ಸಲ್ಲಿ ಅಮ್ಮ ಒದ್ದಾಡ್ತಿರ್ತಾಳೆ, ತೊಡೆ ಮೇಲಿನ ಮಗು ಸೊಂಪಾಗಿ ನಿದ್ದೆ ಮಾಡುತ್ತೆ. ಅದು ಇನ್ನೂ ತಾನಾಗಿ ನಡೆದು ಓಡಾಡಿಲ್ಲ. ಲೆಕ್ಕದ ಪುಸ್ತಕ ಹೆಚ್ಚುಕಮ್ಮಿ ಖಾಲಿ, ತಾಳೆ ನೋಡೋಕೆ ಏನೂ ಇಲ್ಲ. ನಡೆಯೋಕೆ, ಓಡೋಕೆ, ಮರ ಹತ್ತೋಕೆ ಶುರು ಮಾಡಿದ ಮೇಲೆ ಕಾಟ ಶುರು. ಸುಮಾರು ಏಳರಿಂದ ಹನ್ನೆರಡು ವರ್ಷದೊಳಗೆ ಅದು ತುದಿ ಮುಟ್ಟುತ್ತೆ. ಸ್ಕೂಲ್ ಟ್ರಿಪ್ಪಲ್ಲಿ ಟೀಚರು ಮುಂದಿನ ಸೀಟು ಯಾರಿಗೆ ಕೊಡ್ತಾರೆ ಅಂತ ನೆನಪಿಸಿಕೊಳ್ಳಿ. ಹದಿಹರೆಯ ದಾಟ್ತಾ ದಾಟ್ತಾ ಇಳಿಯುತ್ತೆ. ಬಸ್ಸು, ರೈಲು, ಬೈಕು ಎಲ್ಲವೂ ಮೆದುಳಿನ ಲೆಕ್ಕಕ್ಕೆ ಸೇರ್ಕೊಳ್ತವೆ, ರೂಢಿ ಆಗುತ್ತೆ.

ಆದರೆ ವಾಂತಿಯೇ ಯಾಕೆ? ಕೆಮ್ಮು ಬರಬಹುದಿತ್ತು, ಸೀನು ಬರಬಹುದಿತ್ತು. ಮಿಶೆಲ್ ಟ್ರೈಸ್ಮನ್ 1977ರಲ್ಲಿ ಒಂದು ಉತ್ತರ ಕೊಟ್ಟರು. ವಿಷದ ಸೊಪ್ಪೋ ಕಾಯೋ ತಿಂದಾಗ ಕಣ್ಣು ಕಿವಿ ತಾಳ ತಪ್ಪುತ್ತೆ. ತಾಳ ತಪ್ಪಿದ್ರೆ ಹೊಟ್ಟೆಯಲ್ಲಿರೋದನ್ನ ಹೊರಗೆ ಹಾಕು ಅನ್ನೋ ಹಳೇ ರಕ್ಷಣೆ ನಮ್ಮೊಳಗಿದೆ, ಬಸ್ಸು ಅದನ್ನ ಸುಮ್ಮಸುಮ್ಮನೆ ಎಬ್ಬಿಸುತ್ತೆ ಅಂತ. ಹೆಂಡ ಜಾಸ್ತಿಯಾದ್ರೆ ಕೋಣೆ ತಿರುಗಿ ಆಮೇಲೆ ವಾಂತಿ ಆಗೋದನ್ನ ನೋಡಿದವರಿಗೆ ಇದು ನಿಜ ಇರಬಹುದು ಅನ್ಸುತ್ತೆ. ಆದರೆ ನನಗೆ ಇದರಲ್ಲಿ ಒಂದು ತಕರಾರು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕ್ಕೊಳ್ಳೋದು ಅಂಬೆಗಾಲಿನ ಕೂಸು. ರಕ್ಷಣೆ ಬೇಕಾದ ವಯಸ್ಸು ಅದು, ವಾಕರಿಕೆ ಬರದ ವಯಸ್ಸೂ ಅದೇ!

ಈಗ ಅಜ್ಜಿ. ಬಸ್ಸಲ್ಲಿ ಅವರು ಆರಾಮ, ಯಾಕೆ ಅಂತ ಗೊತ್ತಾಯ್ತು: ದಶಕಗಳ ರೂಢಿ. ಅದರ ಜೊತೆಗೆ ಇನ್ನೊಂದು ವಿಷಯ ಸದ್ದಿಲ್ಲದೆ ನಡೀತಿರುತ್ತೆ. ಒಳಗಿವಿಯ ನಾಳ, ಚೀಲಗಳಲ್ಲಿ ಸುದ್ದಿ ಹಿಡಿಯೋ ಸಣ್ಣ ಕೂದಲಿನಂಥ ಕೋಶಗಳಿವೆ. ವಯಸ್ಸಾದಂತೆ ಅವು ಕಡಿಮೆ ಆಗ್ತವೆ, ಹೋದವು ಮತ್ತೆ ಹುಟ್ಟಿಕೊಳ್ಳೋದು ಇಲ್ಲವೇ ಇಲ್ಲ ಅನ್ನಬಹುದು. ಕಿವಿ ಮಂದ ಆದಾಗ ಮನೆಯವರಿಗೆ ಗೊತ್ತಾಗುತ್ತೆ, ಟಿವಿ ವಾಲ್ಯೂಮ್ ಜಾಸ್ತಿ ಆಗುತ್ತೆ. ಸಮತೋಲನದ ಕಿವಿ ಮಂದ ಆದ್ರೆ ಯಾರಿಗೂ ಗೊತ್ತಾಗಲ್ಲ. ಮೆದುಳು ಏನ್ ಮಾಡುತ್ತೆ? ಕಿವಿಯ ಮಾತು ಸರಿಯಾಗಿ ಕೇಳಿಸ್ತಿಲ್ಲ ಅಂತ ಕಣ್ಣಿನ ಮಾತನ್ನ ಜಾಸ್ತಿ ನಂಬೋಕೆ ಶುರು ಮಾಡುತ್ತೆ. ಕತ್ತಲಲ್ಲಿ ಹಿರಿಯರು ಗೋಡೆ ಹಿಡಿದು ನಡೆಯೋದು ಬರೀ ಹೆದರಿಕೆಯಿಂದ ಅಲ್ಲ.

ಇಲ್ಲಿಗೆ ಒಗಟಿನ ಎರಡು ತುದಿ ಸೇರ್ತವೆ. ಬಸ್ಸಲ್ಲಿ ಫೋನ್ ನೋಡ್ತಿರೋ ಹುಡುಗನಿಗೆ ಕಿವಿ ‘ಓಡ್ತಿದ್ದೀಯ’ ಅಂತ ಕೂಗುತ್ತೆ, ಕಣ್ಣು ‘ನಿಂತಿದ್ದೀಯ’ ಅನ್ನುತ್ತೆ. ಇಲ್ಲಿ ಗಲಾಟೆ ಎಬ್ಬಿಸೋದು ಕಿವಿ, ಹುಡುಗನ ಕಿವಿ ಚುರುಕು. ಸ್ಕ್ರೀನ್ ಮುಂದೆ ಕೂತ ಅಜ್ಜಿಗೆ ಕಣ್ಣು ‘ಓಡ್ತಿದ್ದೀಯ’ ಅನ್ನುತ್ತೆ, ‘ಇಲ್ಲ, ಕುರ್ಚಿ ಮೇಲೇ ಇದ್ದೀಯ’ ಅಂತ ಗಟ್ಟಿಯಾಗಿ ಹೇಳಬೇಕಾದ ಕಿವಿಯ ದನಿ ಉಡುಗಿದೆ. ಕಣ್ಣಿನ ಸುಳ್ಳಿಗೆ ಬಲ ಬರುತ್ತೆ. ಇದೊಂದೇ ಕಾರಣ ಅಂತ ಅಲ್ಲ, ಆದರೆ ಸಂಶೋಧಕರು ಕೊಡೋ ಮುಖ್ಯ ವಿವರಣೆಗಳಲ್ಲಿ ಇದೊಂದು. ಕಾರು ಓಡಿಸೋ ಸಿಮ್ಯುಲೇಟರ್‌ಗಳಲ್ಲಿ ನಡೆದ ಅಧ್ಯಯನಗಳಲ್ಲಿ, ತಲೆ ಸುತ್ತುತ್ತೆ ಅಂತ ಅರ್ಧಕ್ಕೇ ಎದ್ದು ಹೋಗೋರಲ್ಲಿ ಹಿರಿಯರೇ ಹೆಚ್ಚು ಅನ್ನೋದು ಮತ್ತೆ ಮತ್ತೆ ಕಂಡಿದೆ. ಮೂವತ್ತು ನಲವತ್ತು ವರ್ಷ ನಿಜವಾದ ಕಾರು ಓಡಿಸಿದವರು ಅವರು. ಹೆಲಿಕಾಪ್ಟರ್ ಮೇಷ್ಟ್ರುಗಳ ಕಥೆಯೇ ಇದು.

ವಿ.ಆರ್ ಕನ್ನಡಕದಲ್ಲಿ ಮಾತ್ರ ಚಿತ್ರ ಇಷ್ಟು ಸಲೀಸಾಗಿಲ್ಲ. ಕೆಲವು ಅಧ್ಯಯನಗಳಲ್ಲಿ ಹಿರಿಯರಿಗೆ ಕಾಟ ಕಡಿಮೆ ಅಂತ ಬಂದಿದೆ. ಕೂತು ಸುಮ್ಮನೆ ಸುತ್ತ ನೋಡೋ ದೃಶ್ಯಕ್ಕೂ, ಬಟನ್ ಒತ್ತಿ ಓಡಾಡೋ ಆಟಕ್ಕೂ ಅಜಗಜಾಂತರ. ಜೊತೆಗೆ, ಇಂಥ ಪ್ರಯೋಗಕ್ಕೆ ಬನ್ನಿ ಅಂದ್ರೆ ತಲೆ ಸುತ್ತೋರು ಮೊದಲೇ ಬರಲ್ಲ!

ಮಧ್ಯವಯಸ್ಸಿನವರಿಗೆ ಇನ್ನೊಂದು ಉಪಟಳ. ನಲವತ್ತು ದಾಟಿದ ಮೇಲೆ ಹತ್ತಿರದ್ದು ನೋಡೋಕೆ ಕಣ್ಣು ಒದ್ದಾಡುತ್ತೆ. ದೂರಕ್ಕೂ ಹತ್ತಿರಕ್ಕೂ ಒಂದೇ ಅಂತ ಪ್ರೊಗ್ರೆಸಿವ್ ಲೆನ್ಸ್ ಹಾಕಿಸ್ತಾರೆ. ಆ ಗಾಜಿನ ಅಂಚಿನಲ್ಲಿ ತಲೆ ತಿರುಗಿಸಿದಾಗ ಎಲ್ಲ ತೇಲಿದ ಹಾಗೆ ಕಾಣುತ್ತೆ. ಅದರ ಮೂಲಕ ನೀವು ಸೆಕೆಂಡಿಗೊಂದು ಸ್ಕ್ರಾಲ್ ಮಾಡೋ ರೀಲ್ಸ್ ತೋರಿಸಿದ್ರೆ ಅಪ್ಪನಿಗೆ ಹೇಗಾಗಬೇಡ?

ಈಗ ನನಗೆ ಸಿಟ್ಟು ಬರೋ ಭಾಗ. ಈ ವಿಜ್ಞಾನ ಬೆಳೆದದ್ದು ಯಾರ ದೇಹಗಳ ಮೇಲೆ? ನಾವಿಕರು, ಸೈನಿಕರು, ಪೈಲಟ್‌ಗಳು, ಗಗನಯಾತ್ರಿಗಳು, ಕಾಲೇಜು ಹುಡುಗರು. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನ ಉಯ್ಯಾಲೆ ಮೇಲೆ ಕೂರಿಸಿ ಯಾರಿಗೆ ವಾಂತಿ ಆಗುತ್ತೆ ಅಂತ ಪರೀಕ್ಷಿಸ್ತಿದ್ದರು. 1944ರಲ್ಲಿ ನಾರ್ಮಂಡಿ ತೀರಕ್ಕೆ ದೋಣಿಯಲ್ಲಿ ಹೊರಟ ಸೈನಿಕರಿಗೆ ವಾಂತಿ ಮಾತ್ರೆ, ವಾಂತಿ ಚೀಲ ಎರಡೂ ಕೊಟ್ಟಿದ್ದರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಗಂಡುಹುಡುಗರು. ಅಜ್ಜಿಯಂದಿರ ಮೇಲೆ ಯಾರೂ ಪ್ರಯೋಗ ಮಾಡಲಿಲ್ಲ, ಅಜ್ಜಿ ಯುದ್ಧಕ್ಕೆ ಹೋಗಲ್ಲವಲ್ಲ. ಹೆಂಗಸರಲ್ಲಿ, ಮೈಗ್ರೇನ್ ಇರೋರಲ್ಲಿ ಈ ತೊಂದರೆ ಹೆಚ್ಚು ಕಾಣುತ್ತೆ ಅಂತ ಸಮೀಕ್ಷೆಗಳು ಹೇಳ್ತಲೇ ಬಂದಿವೆ. ಆದರೂ ಸ್ಕ್ರೀನಿನ ಆಟಿಕೆ ಕಟ್ಟಿದವರು, ಅದನ್ನ ಮೊದಲು ಆಡಿ ನೋಡಿ ‘ಓಕೆ’ ಅಂದವರು ಬಹುಪಾಲು ಹುಡುಗರೇ.

ಅದರ ಫಲ ಕಂಡಿದ್ದೇವೆ. 1992ರ ವುಲ್ಫೆನ್‌ಸ್ಟೈನ್ 3ಡಿ, 1993ರ ಡೂಮ್, ಕಣ್ಣ ಮುಂದೆ ಕಾರಿಡಾರು ರೊಯ್ಯನೆ ಓಡೋ ಆಟಗಳು. ಎಷ್ಟೋ ಜನ ಹತ್ತು ನಿಮಿಷಕ್ಕೆ ಬಿಟ್ಟೆದ್ದರು. 1999ರಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾದ ನಡುಕವನ್ನೇ ಶೈಲಿ ಮಾಡ್ಕೊಂಡ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ನೋಡಿ ಥಿಯೇಟರಲ್ಲಿ ಜನ ವಾಂತಿ ಮಾಡ್ಕೊಂಡರು. ನಮ್ಮಲ್ಲಿ 2012ರಲ್ಲಿ ಉಪೇಂದ್ರ ಅವರ ‘ಕಠಾರಿ ವೀರ ಸುರಸುಂದರಾಂಗಿ’ 3ಡಿಯಲ್ಲಿ ಬಂತು. ಕಪ್ಪು ಕನ್ನಡಕ ಹಾಕ್ಕೊಂಡು ಇಡೀ ಸಿನಿಮಾ ನೋಡಿದವರಿಗೂ, ಅರ್ಧಕ್ಕೇ ಕನ್ನಡಕ ತೆಗೆದು ಹಣೆ ಉಜ್ಜಿಕೊಂಡವರಿಗೂ 3ಡಿ ಒಂದೇ ಥರ ಕಂಡಿರಲ್ಲ.

ನಿಜವಾದ ತಿರುವು 2013. ಆ ವರ್ಷ ಆಪಲ್ ಕಂಪನಿ ಐಓಎಸ್ 7 ಬಿಟ್ಟಿತು. ಆ್ಯಪ್ ತೆರೆದ್ರೆ ಚಿತ್ರ ನಿಮ್ಮ ಕಡೆ ನುಗ್ಗುತ್ತೆ, ಫೋನ್ ವಾಲಿಸಿದ್ರೆ ಹಿನ್ನೆಲೆ ಜರುಗುತ್ತೆ. ಮಾಡಿದವರಿಗೆ ಅದು ಅಂದ. ಬಳಸಿದವರಲ್ಲಿ ಎಷ್ಟೋ ಜನ, ನನಗೆ ಫೋನ್ ನೋಡಿದ್ರೆ ವಾಕರಿಕೆ ಬರ್ತಿದೆ ಅಂತ ದೂರಿದರು. ಕೆಲವೇ ವಾರಗಳಲ್ಲಿ ‘ರಿಡ್ಯೂಸ್ ಮೋಷನ್’ ಸೌಲಭ್ಯವನ್ನ ಆಪಲ್ ವಿಸ್ತರಿಸಬೇಕಾಯ್ತು. ಇವತ್ತು ಆಂಡ್ರಾಯ್ಡ್‌ನಲ್ಲೂ ಸೆಟ್ಟಿಂಗ್ಸ್ ಒಳಗೆ ಆ್ಯಕ್ಸೆಸಿಬಿಲಿಟಿಗೆ ಹೋದ್ರೆ ಅನಿಮೇಷನ್ ತೆಗೆಯೋ ಸ್ವಿಚ್ ಇದೆ. 2024ರ ಐಓಎಸ್ 18ರಲ್ಲಿ ಇನ್ನೊಂದು ಬಂತು: ವಾಹನದಲ್ಲಿ ಫೋನ್ ನೋಡುವಾಗ ಸ್ಕ್ರೀನಿನ ಅಂಚಿನಲ್ಲಿ ಚುಕ್ಕಿಗಳು, ಕಾರು ತಿರುಗಿದ ಹಾಗೆ ಅವೂ ಜರುಗ್ತವೆ. ಕಿವಿ ಹೇಳೋದನ್ನೇ ಕಣ್ಣಿಗೂ ಹೇಳೋ ಉಪಾಯ. ಮಾಖ್ ಬದುಕಿದ್ದಿದ್ರೆ ಖುಷಿ ಪಡ್ತಿದ್ದರು.

ಇದು ಮನೋಬಲದ ವಿಷಯ ಅಲ್ಲ ಅನ್ನೋದಕ್ಕೆ ಡಾರ್ವಿನ್ ಕಥೆ ಸಾಕು. ಬೀಗಲ್ ಹಡಗು ಹತ್ತಿದಾಗ ಅವರಿಗೆ 22 ವರ್ಷ. ಸುಮಾರು ಐದು ವರ್ಷದ ಪ್ರಯಾಣ, ಕೊನೆವರೆಗೂ ಸಮುದ್ರ ಅವರಿಗೆ ಒಗ್ಗಲಿಲ್ಲ. ಅಡ್ಮಿರಲ್ ನೆಲ್ಸನ್ ಬ್ರಿಟನ್ನಿನ ನೌಕಾಯುದ್ಧದ ಮಹಾವೀರ, ಅವರಿಗೂ ಹಡಗಲ್ಲಿ ಹೊಟ್ಟೆ ತೊಳಸ್ತಿತ್ತು. ಹಾಗಾಗಿ ಅಜ್ಜಿ “ಸಾಕು ತಗಿ” ಅಂದಾಗ ನಾಟಕ ಅಂತ ನಗೋ ಮೊದಲು ಇವರಿಬ್ಬರನ್ನ ನೆನೆಸಿಕೊಳ್ಳಿ.

ಅಜ್ಜಿಗೆ ಮೊಮ್ಮಗಳ ಮದುವೆ ವಿಡಿಯೋ ತೋರಿಸಬೇಕು ಅಂದ್ರೆ ಏನ್ ಮಾಡೋದು? ಫೋನನ್ನ ಅವರ ಕೈಗೆ ಕೊಟ್ಟುಬಿಡಿ, ಅವರೇ ನಿಲ್ಲಿಸಲಿ, ಅವರೇ ಮುಂದಕ್ಕೆ ಹೋಗಲಿ. ಪಕ್ಕದಲ್ಲಿ ಕೂತು ನೋಡೋರಿಗಿಂತ ತಾನೇ ಸ್ಟಿಯರಿಂಗ್ ಹಿಡಿದವರಿಗೆ ಕಾಟ ಕಡಿಮೆ, ಡ್ರೈವರ್‌ಗೆ ವಾಂತಿ ಬರಲ್ಲ ಅನ್ನೋದು ಇದೇ ಲೆಕ್ಕ. ಕೋಣೆಯಲ್ಲಿ ಲೈಟ್ ಹಾಕಿ. ಸ್ಕ್ರೀನ್ ಸ್ವಲ್ಪ ದೂರ ಇರಲಿ, ಸುತ್ತಲಿನ ಗೋಡೆ, ಕಿಟಕಿ ಕಣ್ಣಿಗೆ ಕಾಣ್ತಿರಲಿ. ಬೆಟ್ಟದ ಬಸ್ಸಲ್ಲಿ ತಮ್ಮನಿಗೆ ಮುಂದಿನ ಸೀಟು ಕೊಡಿಸಿ, ಫೋನ್ ಕಿತ್ಕೊಳ್ಳಿ, ದೂರದ ಬೆಟ್ಟ ತೋರಿಸಿ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಸ್ಕ್ರೀನ್ ಇಲ್ಲದೆ ಬರೋ ತಲೆಸುತ್ತನ್ನ ‘ವಯಸ್ಸಾಯ್ತಲ್ಲ’ ಅಂತ ತಳ್ಳಿಹಾಕಬೇಡಿ. ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸಿದಾಗ, ಅಟ್ಟದ ಕಡೆ ತಲೆ ಎತ್ತಿದಾಗ ಅರ್ಧ ನಿಮಿಷ ಲೋಕ ಗಿರ್ರನೆ ಸುತ್ತಿದ್ರೆ, ಅದು ಬಹುತೇಕ ಆಗ ಹೇಳಿದ ಸುಣ್ಣದ ಹರಳುಗಳ ಕೆಲಸ. ಚೀಲದಿಂದ ಕಳಚಿ ನಾಳದೊಳಗೆ ಸೇರ್ಕೊಂಡಿರ್ತವೆ. ವಯಸ್ಸಾದವರಲ್ಲಿ ಇದು ತುಂಬಾ ಸಾಮಾನ್ಯ. ಅಮೆರಿಕದ ವೈದ್ಯ ಜಾನ್ ಎಪ್ಲಿ ಇದಕ್ಕೆ ತಲೆಯನ್ನ ಒಂದು ಕ್ರಮದಲ್ಲಿ ತಿರುಗಿಸಿ ಹರಳನ್ನ ವಾಪಸ್ ಜಾಗಕ್ಕೆ ಕಳಿಸೋ ವಿಧಾನ ಕಂಡುಹಿಡಿದರು. ಮಾತ್ರೆ ಇಲ್ಲ, ಆಪರೇಷನ್ ಇಲ್ಲ, ಗೊತ್ತಿದ್ದವರ ಕೈಯಲ್ಲಿ ಕೆಲವೇ ನಿಮಿಷದ ಕೆಲಸ. ಇ.ಎನ್.ಟಿ ವೈದ್ಯರ ಹತ್ತಿರ ಕರ್ಕೊಂಡು ಹೋಗಿ. ತಲೆಸುತ್ತಿನ ಜೊತೆ ಮಾತು ತೊದಲಿದ್ರೆ, ಒಂದು ಕಡೆ ಕೈಕಾಲು ಬಲ ಕಳ್ಕೊಂಡ್ರೆ, ನಡಿಗೆ ಇದ್ದಕ್ಕಿದ್ದಂತೆ ಓಲಾಡಿದ್ರೆ ಮಾತ್ರ ಕಿವಿ, ಕಣ್ಣು ಅಂತ ಯೋಚನೆ ಮಾಡ್ತಾ ಕೂರಬೇಡಿ. ಅದು ಮೆದುಳಿನ ಪಾರ್ಶ್ವವಾಯು ಇರಬಹುದು, ತಕ್ಷಣ ದೊಡ್ಡಾಸ್ಪತ್ರೆಗೆ ಹೊರಡಿ.

ಇವತ್ತಿಗೆ ಇಷ್ಟು. ಬಸ್ಸಲ್ಲಿದ್ದವರು ಇನ್ನು ಸ್ಕ್ರೀನ್ ಆನ್ ಮಾಡಬಹುದು, ಘಟ್ಟ ಮುಗಿದಿದ್ರೆ.